ನೋಂದಣಿಗೆ ಬೇಕಾದ ತಾಸುಗಳು

೯ ಜೂನ್ ೨೦೨೫, ಸೋಮವಾರ, ರಾಯಚೂರು

ಇವತ್ತಿನಿಂದ ನಾನು ಆಪ್ತಸಮಾಲೋಚಕಿ. ಪೂರ್ತಿ ಅಲ್ಲ, ತರಬೇತಿಯಲ್ಲಿರುವವಳು. ಆದರೆ ಕೇಂದ್ರದ ಬಾಗಿಲಿಗೆ ಅಂಟಿಸಿದ ಹಾಳೆಯ ಮೇಲೆ 'ಕುಮಾರಿ ಅಂಬಿಕಾ, ಎಂ.ಎಸ್ಸಿ., ಮನಶ್ಶಾಸ್ತ್ರ' ಎಂದಷ್ಟೇ ಇದೆ. ಉಳಿದದ್ದು ಬಂದವರಿಗೆ ತಿಳಿಯಬೇಕಾದ ಅಗತ್ಯವಿಲ್ಲ. ಒಂದು ವರ್ಷ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು, 'ಇಷ್ಟು ತಾಸು ಈಕೆಯ ಕೆಲಸ ತಿದ್ದಿದ್ದೇನೆ' ಎಂದು ಅವರು ಸಹಿ ಹಾಕಿ ಕೊಡಬೇಕು. ಆಮೇಲೆ ನೋಂದಣಿಗೆ ಅರ್ಜಿ. ನೋಂದಣಿ ಆಯಿತೆಂದರೆ ನನ್ನದೇ ಬೋರ್ಡು. ದೇವದುರ್ಗದಲ್ಲಿ ಅಪ್ಪ ಈಗಾಗಲೇ ಪೇಂಟರನ್ನು ವಿಚಾರಿಸಿಟ್ಟಿದ್ದಾನೆ.

ಮೇಲ್ವಿಚಾರಕರಾಗಿ ನನ್ನ ಮುಂದೆ ಇಬ್ಬರಿದ್ದರು. ಒಬ್ಬರು ಮಾನ್ವಿಯ ಅಮೀರ್ ಬೀ ಮೇಡಂ. ಸರ್ಕಾರಿ ದವಾಖಾನೆಯಲ್ಲಿ ಸಮಾಲೋಚಕಿಯಾಗಿದ್ದು ನಿವೃತ್ತರಾದವರು, ಈಗ ಮನೆಯಲ್ಲಿ ಆಡು ಸಾಕಿಕೊಂಡಿದ್ದಾರೆ. ನನ್ನ ಕೊನೆಯ ಮೌಖಿಕ ಪರೀಕ್ಷೆಗೆ ಬಂದಿದ್ದವರು ಅವರೇ. 'ಚಂದ ಮಾತಾಡ್ತಾಳ' ಎಂದು ಬರೆದು ಕಡಿಮೆ ಅಂಕ ಹಾಕಿ ಹೋಗಿದ್ದರು. ಇನ್ನೊಬ್ಬರು ಡಾ. ಶಂಭುಲಿಂಗಪ್ಪ ಸರ್. ಸ್ಟೇಷನ್ ರೋಡಿನಲ್ಲಿ ಗಾಜಿನ ಬಾಗಿಲಿನ ಕೇಂದ್ರ, ಭಾನುವಾರಕ್ಕೊಮ್ಮೆ ಕೇಬಲ್ ಚಾನೆಲ್ಲಿನಲ್ಲಿ ಕಾರ್ಯಕ್ರಮ. ಅವರ ಡಾಕ್ಟರೇಟ್ ಯಾವ ವಿಷಯದಲ್ಲಿ ಎಂದು ಕೇಳುವುದು ಸಭ್ಯತೆಯಲ್ಲ. ಯಾರನ್ನು ಆರಿಸಿಕೊಳ್ಳಬೇಕೆಂದು ನಾನು ಹೆಚ್ಚು ಯೋಚಿಸಲಿಲ್ಲ.

ಮೊದಲ ದಿನ ಒಬ್ಬರೇ ಬಂದರು. ನಡುವಯಸ್ಸಿನ ಮೇಷ್ಟ್ರು, ಬಹಳ ಚಿಂತೆಯಲ್ಲಿದ್ದರು. ಹೆಂಡತಿ ಮಕ್ಕಳಿಂದ ದೂರ ಇದ್ದೇನೆ, ನಿದ್ದೆ ಬರುವುದಿಲ್ಲ ಎಂದರು. ಆ ದೂರ ಮನಸ್ಸಿಗೆ ಹೇಗೆ ಅನಿಸುತ್ತದೆ ಎಂದು ನಾನು ಬಗೆಬಗೆಯಾಗಿ ಕೇಳಿದೆ, ಕನ್ನಡಿ ಮುಂದೆ ಅಭ್ಯಾಸ ಮಾಡಿದ ಹಾಗೆ ತಲೆ ಆಡಿಸಿದೆ. ಕಡೆಗೆ ಅವರು ಕೈ ಮುಗಿದು, ಮಾನ್ವಿ ತಾಲ್ಲೂಕಿನಲ್ಲಿ ಯಾವ ಯಾವ ಶಾಲೆ ಖಾಲಿ ಇವೆ ಎಂದು ತೋರಿಸಿದರೆ ಆರಿಸಿಕೊಂಡು ಹೋಗುತ್ತೇನೆ ಎಂದರು. ಅವರು ಬಂದದ್ದು ಶಿಕ್ಷಕರ ವರ್ಗಾವಣೆಯ ಕೌನ್ಸೆಲಿಂಗ್‌ಗೆ. ಆದರೂ ನನ್ನ ಧ್ವನಿ ಚೆನ್ನಾಗಿತ್ತು ಎಂದು ನನಗೇ ಅನಿಸಿತು.

೧೨ ಜೂನ್, ಗುರುವಾರ

ಮೊದಲ ಮೇಲ್ವಿಚಾರಣೆ. ಸರ್ ಸಿರವಾರದಲ್ಲಿ ಗೃಹಪ್ರವೇಶಕ್ಕೆ ಹೊರಟಿದ್ದರಿಂದ ಕಾರಿನಲ್ಲೇ ಆಯಿತು. ನಾನು ಹಿಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ ಹಿಡಿದುಕೊಂಡು ಕುಳಿತೆ. ಹೋಗುತ್ತಾ ಅವರು ಮೂರು ಸಂಗತಿ ಹೇಳಿದರು. ನಮ್ಮ ಕುರ್ಚಿ ಬಂದವರ ಕುರ್ಚಿಗಿಂತ ತುಸು ಎತ್ತರ ಇರಬೇಕು. ಧ್ವನಿ ಹೊಟ್ಟೆಯಿಂದ ಬರಬೇಕು. ಹತ್ತಿಯ ಸೀರೆ ಉಟ್ಟರೆ ಜನ ಬೇಗ ಮನಸ್ಸು ಬಿಚ್ಚುತ್ತಾರೆ. ನಡುನಡುವೆ ಫೋನು ಬರುತ್ತಿತ್ತು. ಬರುವಾಗ ಸರ್ ಮಲಗಿದ್ದರು. ಆ ತಾಸುಗಳೂ ಲೆಕ್ಕಕ್ಕೆ ಬರುತ್ತವಂತೆ, ಯಾಕೆಂದರೆ ಶಿಷ್ಯರು ಗುರುವಿನ ಸಾನ್ನಿಧ್ಯದಲ್ಲಿ ಇರುವುದೇ ಕಲಿಕೆ.

೧ ಜುಲೈ, ಮಂಗಳವಾರ

ಇವತ್ತು ನಿಜವಾದ ಕೇಸು ಬಂತು. ಮರೆಯುವುದಕ್ಕೆ ಮುಂಚೆ ಎಲ್ಲ ಬರೆದಿಡುತ್ತೇನೆ.

ಹೆಸರು ಹುಸೇನಪ್ಪ. ಊರು ಕಲ್ಲೂರು. ರಾಯಚೂರು–ಮಾನ್ವಿ ಬಸ್ಸಿನ ಕಂಡಕ್ಟರ್, ನಲವತ್ತೈದರ ಆಸುಪಾಸು. ಕುರ್ಚಿಯ ತುದಿಯಲ್ಲಿ, ಇನ್ನೇನು ಇಳಿಯಬೇಕು ಎನ್ನುವ ಹಾಗೆ ಕುಳಿತಿದ್ದರು. ಕಳೆದ ಚಳಿಗಾಲದಲ್ಲಿ ದಾರಿ ನಡುವಿನ ಒಂದು ನಿಲ್ದಾಣದಲ್ಲಿ ಇಳಿಯುವವರೆಲ್ಲ ಇಳಿದರೆಂದು ಸೀಟಿ ಊದಿದ್ದಾರೆ. ಬಸ್ಸು ಹೊರಟಿದೆ. ಗಂಟು ಹಿಡಿದುಕೊಂಡು ಒಬ್ಬ ಮುದುಕಿ ಇನ್ನೂ ಮೆಟ್ಟಿಲ ಮೇಲಿದ್ದಳು. ಬಿದ್ದು ಸೊಂಟ ಮುರಿಯಿತು. ದವಾಖಾನೆಯಲ್ಲಿ ಕೆಲವು ವಾರ ಇದ್ದು ತೀರಿಹೋದಳು. ವಿಚಾರಣೆ ನಡೆದು ಇವರ ತಪ್ಪಿಲ್ಲವೆಂದು ಆಯಿತು. ಅವತ್ತಿನಿಂದ ಸೀಟಿ ಬಾಯಿಗೆ ಹೋದರೆ ಉಸಿರು ಬರುವುದಿಲ್ಲ. ಅಂಗೈಯಿಂದ ಬಸ್ಸಿನ ತಗಡು ಬಡಿಯುತ್ತಾರೆ, ಡ್ರೈವರ್ ಒಳ್ಳೆಯವನು, ಹೊಂದಿಸಿಕೊಂಡು ಹೋಗುತ್ತಾನೆ. ಉಳಿದವರಿಗೆ ಯಾರಿಗೂ ಗೊತ್ತಿಲ್ಲ.

"ಡಿಪೋದಾಗ ಗೊತ್ತಾದ್ರ ಆಡಿಕೊಂಡು ನಗ್ತಾರ್ರೀ ಮೇಡಂ. ಅದೊಂದು ಆಗಬಾರ್ದು," ಎಂದರು.

ಇಲ್ಲಿ ಹೇಳಿದ್ದು ಇಲ್ಲಿಯೇ ಉಳಿಯುತ್ತದೆ ಎಂದು ಹೊಟ್ಟೆಯಿಂದ ಧ್ವನಿ ತೆಗೆದು ಹೇಳಿದೆ. ಆಮೇಲೆ ಅಪರಾಧಪ್ರಜ್ಞೆ ಎಂದರೇನು, ಅದು ಶರೀರದ ಮೇಲೆ ಹೇಗೆ ಕೆಲಸ ಮಾಡುತ್ತದೆ, ಉಸಿರಿಗೂ ಮನಸ್ಸಿಗೂ ಏನು ನಂಟು ಎಂಬುದನ್ನೆಲ್ಲ ವಿವರಿಸಿದೆ. ಉಸಿರಾಟದ ವ್ಯಾಯಾಮ ಕಲಿಸಿದೆ. ನಡುವೆ ಅವರು ಏನೋ ಹೇಳಲು ಬಾಯಿ ತೆರೆದರು. ವ್ಯಾಯಾಮ ಕೆಡುತ್ತದೆಂದು ನಾನು ಕೈ ತೋರಿಸಿ ನಿಲ್ಲಿಸಿದೆ. ಹೋಗುವಾಗ, ಬಹಳ ತಿಳಿದುಕೊಂಡೀರಿ ಎಂದರು. ಈ ಕೇಸಿಗೆ ನಾನೊಂದು ಹೆಸರನ್ನೂ ಇಟ್ಟೆ: ಸೀಟಿ ಮರೆತ ಕಂಡಕ್ಟರ್.

೬ ಜುಲೈ, ಭಾನುವಾರ, ದೇವದುರ್ಗ

ಊರಿಗೆ ಬಂದಿದ್ದೇನೆ. ಅವ್ವ ರೊಟ್ಟಿ ಬಡಿಯುತ್ತಾ ಕಂಡಕ್ಟರನ ಕತೆ ಪೂರ್ತಿ ಕೇಳಿದಳು, ಮುದುಕಿ ತೀರಿಹೋದಲ್ಲಿ ಕಣ್ಣೊರೆಸಿಕೊಂಡಳು. ಮುಂದಿನ ವಾರ ಏನಾಯಿತೆಂದು ಹೇಳಬೇಕಂತೆ. ನಾನು ಗೌಪ್ಯತೆ ಕಾಪಾಡಿದೆ. ಹೆಸರು ಹೇಳಲಿಲ್ಲ, ಊರು ಮಾತ್ರ ಹೇಳಿದೆ.

೧೦ ಜುಲೈ, ಗುರುವಾರ

ಮೇಲ್ವಿಚಾರಣೆ, ಮತ್ತೆ ಕಾರಿನಲ್ಲಿ. ಇವತ್ತು ಸರ್ ಮೊದಲ ಸಲ ಫೋನನ್ನು ಪಕ್ಕಕ್ಕಿಟ್ಟು ನನ್ನ ಮಾತು ಕೇಳಿದರು. 'ಮತ್ತ? ಮತ್ತ?' ಎನ್ನುತ್ತಿದ್ದರು. ಡ್ರೈವರ್ ಕೂಡ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ನಿಲ್ದಾಣ ಯಾವುದು, ಮುದುಕಿಯ ಗಂಟಿನಲ್ಲಿ ಏನಿತ್ತು, ಕಂಡಕ್ಟರನ ಮಕ್ಕಳೆಷ್ಟು ಎಂದೆಲ್ಲ ಕೇಳಿದರು. ಮಕ್ಕಳ ವಿಷಯ ನಾನು ವಿಚಾರಿಸಿರಲಿಲ್ಲ, ನಾಚಿಕೆಯಾಯಿತು. ಹೆಸರಿಟ್ಟದ್ದು ಹೇಳಿದಾಗ ಸರ್ ತೊಡೆ ತಟ್ಟಿಕೊಂಡು, ನಿನ್ನ ಕೈಯಲ್ಲಿ ಬರವಣಿಗೆ ಇದೆ ಎಂದರು. ಕೇಸಿನಲ್ಲಿ ನಾನು ಮುಂದೇನು ಮಾಡಬೇಕು ಎಂದು ಕೇಳುವಷ್ಟರಲ್ಲಿ ಮದುವೆ ಮಂಟಪ ಬಂತು. ಇರಲಿ. ಇಷ್ಟು ಖುಷಿಯಾಗಿ ನಾನು ಎಂದೂ ಹಣ್ಣಿನ ಬುಟ್ಟಿ ಹೊತ್ತಿರಲಿಲ್ಲ.

೨೨ ಜುಲೈ, ಮಂಗಳವಾರ

ಹುಸೇನಪ್ಪ ಈ ಮಂಗಳವಾರವೂ ಬಂದಿದ್ದರು. ಸ್ನಾಯು ಸಡಿಲಿಸುವ ವ್ಯಾಯಾಮ ಮಾಡಿಸಿದೆ. ನಿದ್ದೆ ಹೋದರು. ಇದು ದೊಡ್ಡ ಯಶಸ್ಸು. ಎದ್ದಮೇಲೆ, ಮೊನ್ನೆ ಡಿಪೋಗೆ ಖಾಲಿ ಬಸ್ಸು ಬರುವಾಗ ಒಮ್ಮೆ ಸೀಟಿ ಊದಿದೆ, ಸಣ್ಣಗೆ ಬಂತು ಎಂದರು. ಹೇಳುವಾಗ ಅವರ ಮುಖದಲ್ಲಿ ಸ್ವಲ್ಪ ನಗು ಇತ್ತು. ಯಾವ ವ್ಯಾಯಾಮದಿಂದ ಆಗಿರಬಹುದು ಎಂದು ನಾನು ಅವರಿಗೆ ವಿವರಿಸಿದೆ.

೨ ಆಗಸ್ಟ್, ಶನಿವಾರ

ಸರ್ ನನ್ನ ಎರಡು ತಿಂಗಳ ತಾಸುಗಳಿಗೆ ಒಂದೇ ಉಸಿರಿನಲ್ಲಿ ಸಹಿ ಹಾಕಿದರು. ಗೃಹಪ್ರವೇಶ, ಎರಡು ಮದುವೆ, ಒಂದು ಮಗುವಿನ ಜವಳದ ಕಾರ್ಯಕ್ರಮ ಎಲ್ಲ ಸೇರಿದವು. ಇನ್ನೂ ಬೇಕಿದ್ದರೆ ಹೇಳು ಎಂದರು. ಇಂಥ ದೊಡ್ಡ ಮನಸ್ಸು ಎಲ್ಲರಿಗೂ ಇರುವುದಿಲ್ಲ. ಹದಿನಾರಕ್ಕೆ ದೇವದುರ್ಗದಲ್ಲಿ ಅವರ ಉಪನ್ಯಾಸವಿದೆ, ನಿನ್ನ ಅಪ್ಪ ಅವ್ವನನ್ನು ಮುಂದಿನ ಸಾಲಿನಲ್ಲಿ ಕೂರಿಸು ಎಂದಿದ್ದಾರೆ.

೧೬ ಆಗಸ್ಟ್, ಶನಿವಾರ, ದೇವದುರ್ಗ

ಕಲ್ಯಾಣಮಂಟಪ ತುಂಬಿತ್ತು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಶಾಲು, ಹಾರ, ಸ್ವಾಗತ ಎಲ್ಲ ಮುಗಿದಮೇಲೆ ಸರ್ ಎದ್ದುನಿಂತು, ಇವತ್ತು ನಿಮಗೊಬ್ಬ ಮನುಷ್ಯನ ಕತೆ ಹೇಳುತ್ತೇನೆ, ಅದರ ಹೆಸರು 'ಸೀಟಿ ಮರೆತ ಕಂಡಕ್ಟರ್' ಎಂದರು. ನಾನು ಚಪ್ಪಾಳೆ ತಟ್ಟಿದೆ. ಎಲ್ಲರಿಗಿಂತ ಮೊದಲು ತಟ್ಟಿದೆ. ಅದು ನಾನಿಟ್ಟ ಹೆಸರಲ್ಲವೇ?

ಆಮೇಲೆ ಅವರು ಹೇಳುತ್ತಾ ಹೋದರು. ರಾಯಚೂರು–ಮಾನ್ವಿ ಬಸ್ಸು. ದಾರಿ ನಡುವಿನ ನಿಲ್ದಾಣ. ಮುದುಕಿ. ಗಂಟು. ತಗಡು ಬಡಿಯುವುದು. ಬಾಯಿಯಲ್ಲಿ ಸೀಟಿ ಇಟ್ಟುಕೊಂಡು ಕಣ್ಣು ಬಿಡುವ ಕಂಡಕ್ಟರನನ್ನು ಮಾಡಿ ತೋರಿಸಿದರು. ಜನ ನಕ್ಕರು. ಮತ್ತೆ, ನನ್ನ ಹತ್ತಿರ ಬಂದ ಮೂರೇ ವಾರಕ್ಕೆ ಅವನ ಸೀಟಿ ರೈಲಿನ ಸೀಟಿ ಆಯಿತು ಎಂದರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಕ್ಯಾಮೆರಾದವನು ಎಲ್ಲ ಹಿಡಿದುಕೊಳ್ಳುತ್ತಿದ್ದ.

ಅವ್ವ ನನ್ನ ಕಡೆ ವಾಲಿ ಕೇಳಿದಳು. "ಇದು ನೀ ಹೇಳಿದ್ದ ಕಲ್ಲೂರಿನ ಮನಷ್ಯಾ ಅಲ್ಲೇನು?"

ಅಲ್ಲ ಎಂದೆ.

೧೯ ಆಗಸ್ಟ್, ಮಂಗಳವಾರ

ಬರಲಿಲ್ಲ.

೨೬ ಆಗಸ್ಟ್, ಮಂಗಳವಾರ

ಬರಲಿಲ್ಲ. ಹುಸೇನಪ್ಪ ಫೋನೂ ಎತ್ತುತ್ತಿಲ್ಲ. ಉಪನ್ಯಾಸದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿದೆ. ನಮ್ಮ ಕೇಂದ್ರದ ಕಸ ಗುಡಿಸುವಾಕೆಯೂ ನೋಡಿದ್ದಾಳೆ. ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದೆ. ನನ್ನ ಕುರ್ಚಿ ಎತ್ತರವಿರುವುದರಿಂದ ಕಾಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲ.

೨೯ ಆಗಸ್ಟ್, ಶುಕ್ರವಾರ

ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಅವರು ಸಿಗಬಹುದು ಎಂದು.

ಸಿಕ್ಕರು. ಮಾನ್ವಿ ಬಸ್ಸಿನ ಕಡೆ ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಬರುತ್ತಿದ್ದರು. ಚಹಾದಂಗಡಿಯ ಮುಂದೆ ನಾಲ್ಕೈದು ಕಂಡಕ್ಟರುಗಳು ನಿಂತಿದ್ದರು. ಒಬ್ಬ ಸೀಟಿ ಊದಿದ. ಅವನು ನಿಲ್ಲಿಸಿದ ಮೇಲೆ ಇನ್ನೊಬ್ಬ. ಆಮೇಲೆ ಎಲ್ಲರೂ. ಬಾಳೆಹಣ್ಣು ಮಾರುವವಳೂ ನಕ್ಕಳು, ಯಾಕೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಹುಸೇನಪ್ಪ ತಲೆ ಎತ್ತಲಿಲ್ಲ, ನಡಿಗೆ ಬದಲಿಸಲಿಲ್ಲ. ನನ್ನ ಹತ್ತಿರ ಬಂದಾಗ ಮಾತ್ರ ಒಮ್ಮೆ ನೋಡಿದರು. ನಾನು ಗುರುತು ಸಿಕ್ಕ ಮುಖ ಮಾಡಿದೆ. ಗುರುತಿಲ್ಲದವರಂತೆ ಮುಂದೆ ಹೋದರು.

ರೂಮಿಗೆ ಬಂದು ಊಟ ಮಾಡಲಿಲ್ಲ. ಇದಕ್ಕೆ ಪುಸ್ತಕದಲ್ಲಿ ಏನೋ ಒಂದು ಹೆಸರಿದೆ, ನೆನಪಾಗುತ್ತಿಲ್ಲ.

೩೧ ಆಗಸ್ಟ್, ಭಾನುವಾರ, ಮಾನ್ವಿ

ಅಮೀರ್ ಬೀ ಮೇಡಂ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಆಡಿಗೆ ಸೊಪ್ಪು ಹಾಕುತ್ತಿದ್ದರು. ಕೂತುಕೋ ಎಂದರು, ಏನು ಎಂದು ಕೇಳಲಿಲ್ಲ. ನಾನು ಆಗಿದ್ದನ್ನೆಲ್ಲ ಹೇಳಿದೆ. ಶಂಭುಲಿಂಗಪ್ಪ ಸರ್ ಎಂಥವರೆಂದು ಬಹಳ ಹೊತ್ತು ಹೇಳಿದೆ. ಅವರು ಕೇಳುತ್ತಾ ಸೊಪ್ಪು ಹಾಕುತ್ತಲೇ ಇದ್ದರು. ಮುಗಿದ ಮೇಲೆ, ಮೊದಲನೇ ದಿನ ಕಂಡಕ್ಟರ್ ಬಂದಾಗ ನೀನು ಏನಂದೆ ಎಂದು ಕೇಳಿದರು. ನಾನು ಎಲ್ಲ ಹೇಳಿದೆ, ಒಂದು ಮಾತೂ ಬಿಡದೆ.

"ಅಂವ ಏನಂದ?"

ಮುದುಕಿ ಬಿದ್ದಳು ಎಂದರು, ಸೀಟಿ ಬರುವುದಿಲ್ಲ ಎಂದರು ಎಂದೆ. ಮತ್ತೆ? ಅಷ್ಟೇ ನೆನಪಿತ್ತು. ಎರಡನೇ ಸಲ? ಮೂರನೇ ಸಲ? ನನ್ನ ಮಾತುಗಳು ಒಂದೊಂದೂ ನೆನಪಿದ್ದವು, ಅವರದು ಇಲ್ಲ. ಆಮೇಲೆ ಇನ್ನೊಂದು ಕೇಳಿದರು. ನಿಮ್ಮ ಮಾತನ್ನು ನನಗೆ ಕಲಿಸುವವರ ಮುಂದೆ ಹೇಳುತ್ತೇನೆ ಎಂದು ಅವರಿಗೆ ಮೊದಲೇ ತಿಳಿಸಿದ್ದೆಯಾ? ಇಲ್ಲ. ಅವರು ಒಪ್ಪಿದ್ದರಾ? ನಾನು ಕೇಳಿದ್ದರೆ ತಾನೆ ಒಪ್ಪುವುದು. ಕಾರಿನ ಡ್ರೈವರ್ ಕೂಡ ನಿನಗೆ ಕಲಿಸುತ್ತಾನೇನು? ನಾನು ಆಡುಗಳನ್ನು ನೋಡುತ್ತಾ ಕುಳಿತೆ.

ನಾಳೆಯೇ ಕಲ್ಲೂರಿಗೆ ಹೋಗಿ ಕಾಲು ಹಿಡಿಯುತ್ತೇನೆ ಎಂದಾಗ ಮಾತ್ರ ಅವರಿಗೆ ಸಿಟ್ಟು ಬಂತು.

"ಮಾಫಿ ಕೇಳಾಕ ಹೋಗಬ್ಯಾಡ ಬೇಟಿ. ನೀ ಅತ್ತರ ಅಂವ ನಿನಗ ಸಮಾಧಾನ ಮಾಡಬೇಕಾಗ್ತದ. ಅವನ ಕೈಲೆ ಮತ್ತೊಂದು ಕೆಲಸ ಮಾಡಿಸಬ್ಯಾಡ. ಆಗಿದ್ದು ಹೇಳು. ಅಂವ ಏನಂತಾನ, ಅದನ್ನ ಕೇಳಿಸಿಕೊಂಡು ಬಾ."

ನನ್ನನ್ನು ಶಿಷ್ಯೆಯಾಗಿ ತೆಗೆದುಕೊಳ್ಳಲು ಒಪ್ಪಿದ್ದಾರೆ. ಆದರೆ ರಾಯಚೂರಿನ ತಾಸುಗಳು ತಮ್ಮ ಹತ್ತಿರ ನಡೆಯುವುದಿಲ್ಲವಂತೆ. ಮೊದಲಿಂದ ಎಣಿಸಬೇಕು.

೧ ಸೆಪ್ಟೆಂಬರ್, ಸೋಮವಾರ, ರಾಯಚೂರು

ಸರ್ ಜೊತೆ ಮಾತಾಡಿದೆ. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟ. ಹೆಸರು ಹೇಳಿಲ್ಲವಲ್ಲ, ಹೆಸರು ಹೇಳದಿದ್ದರೆ ಗೌಪ್ಯತೆ ಮುರಿದಂತೆ ಆಗುವುದಿಲ್ಲ ಎಂದು ನಗುತ್ತಾ ತಿಳಿಹೇಳಿದರು.

"ಮಾನ್ವಿ ಬಸ್ಸಿನ್ಯಾಗ ಸೀಟಿ ಊದದ ಕಂಡಕ್ಟರ್ ಎಷ್ಟ ಮಂದಿ ಅದಾರ್ರೀ ಸರ್?" ಎಂದೆ.

ಆಗ ಅವರು, ನಿನಗೆ ರೋಗಿಯ ನೋವು ಅಂಟಿಕೊಂಡಿದೆ, ಹೊಸಬರಿಗೆ ಇದು ಸಹಜ, ಒಂದು ವಾರ ರಜೆ ತೆಗೆದುಕೋ ಎಂದರು. ಅವನ ಕತೆಯಿಂದ ಸಾವಿರಾರು ಜನಕ್ಕೆ ಬೆಳಕು ಸಿಕ್ಕಿದೆ, ಒಬ್ಬ ಕಂಡಕ್ಟರನಿಗೆ ಇದಕ್ಕಿಂತ ದೊಡ್ಡ ಭಾಗ್ಯ ಏನಿದೆ ಎಂದರು. ಇಷ್ಟು ಹೇಳಿ ಲೆಟರ್‌ಹೆಡ್ ತೆಗೆದು ಇಡೀ ವರ್ಷದ ತಾಸುಗಳಿಗೆ ಪ್ರಮಾಣಪತ್ರ ಬರೆದು, ಸಹಿ ಹಾಕಿ, ಸೀಲು ಒತ್ತಿ ನನ್ನ ಮುಂದೆ ಇಟ್ಟರು. ಮುಂದಿನ ಜೂನ್‌ವರೆಗಿನದು. ನಾನು ಇನ್ನೂ ಬದುಕದ ತಿಂಗಳುಗಳಿಗೆ ಆಗಲೇ ಸೀಲು ಬಿದ್ದಿತ್ತು.

ಬಹಳ ಚಂದದ ಕಾಗದ, ನಡುವೆ ಬಂಗಾರದ ಬಣ್ಣದ ಗೆರೆ. ಅಪ್ಪನ ಇಸ್ತ್ರಿ ಅಂಗಿ ನೆನಪಾಯಿತು. ಒಂದು ಗಳಿಗೆ ಕೈ ಮುಂದೆ ಹೋಯಿತು ಎಂಬುದನ್ನು ಇಲ್ಲಿ ಬರೆದರೆ ಯಾರೂ ಓದುವುದಿಲ್ಲ. ಆಮೇಲೆ ಅದನ್ನು ಮೇಜಿನ ಮೇಲೆಯೇ ಬಿಟ್ಟು ಬಂದೆ. ಬಾಗಿಲ ಹಾಳೆಯನ್ನೂ ಕಿತ್ತುಕೊಂಡು ಬಂದೆ. ಗೋಂದು ಗಟ್ಟಿಯಿತ್ತು, 'ಕುಮಾರಿ' ಎಂಬುದು ಗಾಜಿಗೇ ಉಳಿಯಿತು.

೩ ಸೆಪ್ಟೆಂಬರ್, ಬುಧವಾರ

ಜಿಲ್ಲೆಯ ಸಮಾಲೋಚಕರ ಸಂಘಕ್ಕೆ ದೂರು ಕೊಡಲು ಹೋಗಿದ್ದೆ. ಸಂಘ ಇರುವುದು ಒಂದು ಜೆರಾಕ್ಸ್ ಅಂಗಡಿಯ ಮೇಲೆ. ಅಲ್ಲಿದ್ದವರು ಬಹಳ ಆದರದಿಂದ ಕೂರಿಸಿ ಚಹಾ ತರಿಸಿದರು. ಇಂಥ ದೂರುಗಳನ್ನು ನೋಡಲು ನೀತಿ ಸಮಿತಿ ಇದೆಯಂತೆ. ಅಧ್ಯಕ್ಷರು ಯಾರೆಂದು ಕೇಳಿದೆ. ಡಾ. ಶಂಭುಲಿಂಗಪ್ಪನವರು. ಚಹಾ ಚೆನ್ನಾಗಿತ್ತು.

೭ ಸೆಪ್ಟೆಂಬರ್, ಭಾನುವಾರ

ಕಲ್ಲೂರಿಗೆ ಹೋಗಿ ಬಂದೆ. ರಜೆ ಹಾಕಿ ಮನೆಯಲ್ಲಿದ್ದಾರೆ. ಅವರ ಹೆಂಡತಿ ನೀರು ಕೊಟ್ಟು ಒಳಗೆ ಹೋದರು.

ಆಗಿದ್ದು ಹೇಳಿದೆ. ನಾನೇ ಸರ್ ಮುಂದೆ ಹೇಳಿದ್ದು, ನಿಮ್ಮನ್ನು ಕೇಳದೆ ಹೇಳಿದ್ದು, ಡ್ರೈವರ್ ಇದ್ದ, ಆ ಹೆಸರು ಇಟ್ಟವಳೂ ನಾನೇ, ನಮ್ಮ ಅವ್ವನ ಮುಂದೆಯೂ ಹೇಳಿದ್ದೇನೆ. ಬೇರೆ ಏನೂ ಸೇರಿಸಲಿಲ್ಲ. ಅಳು ಬಂತು, ನುಂಗಿಕೊಂಡೆ.

ಬಹಳ ಹೊತ್ತು ಅವರು ಮಾತಾಡಲಿಲ್ಲ. ಹಿಂದೆ ಆಗಿದ್ದರೆ ಇಷ್ಟು ಹೊತ್ತಿಗೆ ನಾನು ಏನಾದರೂ ಕೇಳಿರುತ್ತಿದ್ದೆ. ಆಮೇಲೆ ಶುರು ಮಾಡಿದರು. ಬೈದರು. ಮೇಡಂ ಎನ್ನುವುದು ಬಿಟ್ಟುಹೋಗಿತ್ತು.

"ಆ ಮುದುಕಿ ಬಿದ್ದಾಗ ಬಸ್ಸಿನ್ಯಾಗಿನ ಮಂದಿ ಅಷ್ಟ ನೋಡಿತ್ತು ತಂಗೀ. ಈಗ ಇಡೀ ಜಿಲ್ಲಾ ನೋಡಾಕತ್ತದ."

ಅವರು ನೀರಿನ ಲೋಟ ಪಕ್ಕಕ್ಕೆ ಸರಿಸಿ ಮತ್ತೆ ಅಂದರು.

"ನಿನ್ನ ಹಂತ್ಯಾಕ ಬಂದಾಗೊಮ್ಮೆ ನಿನ್ನ ಮಾತು ಕೇಳಿಕೋತ ಕುಂತೆ. ನಾ ಹೇಳೂದು ಇನ್ನಾ ಶುರುನ ಆಗಿರಲಿಲ್ಲ."

ಕಡೆಗೆ ಅವರು ಒಂದೇ ಕೇಳಿದರು, ಆ ವಿಡಿಯೋ ತೆಗೆಸು. ಶಾಲೆಯಲ್ಲಿ ಮಗಳ ಮುಂದೆ ಹುಡುಗರು ಸೀಟಿ ಹೊಡೆಯುತ್ತಾರಂತೆ. ಅವರಿಗೆ ಮಗಳಿದ್ದಾಳೆ ಎಂದು ನನಗೆ ಇವತ್ತು ಗೊತ್ತಾಯಿತು.

೯ ಸೆಪ್ಟೆಂಬರ್, ಮಂಗಳವಾರ, ರಾಯಚೂರು

ಆ ವಿಡಿಯೋ ತೆಗೆದುಹಾಕಿ ಎಂದು ಬೆಳಿಗ್ಗೆ ಸರ್‌ಗೆ ಹೇಳಿದೆ. ಅದನ್ನು ಎಷ್ಟು ಜನ ನೋಡಿದ್ದಾರೆಂದು ಅವರು ನನಗೆ ತೋರಿಸಿದರು. ನಾನು ಹೊರಗೆ ಬಂದು, ಬಂದವರು ಕಾಯುವ ಬೆಂಚಿನ ಮೇಲೆ ಕುಳಿತುಕೊಂಡೆ.

ಪಕ್ಕದಲ್ಲಿ ಕುಳಿತ ಹೆಂಗಸು, ನಿನಗೇನು ತೊಂದರೆ ತಾಯಿ ಎಂದು ಕೇಳಿದಳು. ಇಲ್ಲಿಗೆ ಬಂದವರೊಬ್ಬರ ಸಂಕಟವನ್ನು ಸರ್ ಸಭೆಯಲ್ಲಿ ಹೇಳಿ ವಿಡಿಯೋ ಮಾಡಿದ್ದಾರೆ, ಅದನ್ನು ತೆಗೆಸಲು ಕುಳಿತಿದ್ದೇನೆ ಎಂದೆ. ಆಕೆ ಸ್ವಲ್ಪ ಯೋಚಿಸಿ ಎದ್ದುಹೋದಳು. ಆಮೇಲೆ ಗಂಡ ಹೆಂಡತಿ ಇಬ್ಬರು ಬಂದರು. ಕೇಳಿದರು, ಅದನ್ನೇ ಹೇಳಿದೆ. ಅವರೂ ಎದ್ದರು. ನಾನು ಯಾರನ್ನೂ ಕರೆದು ಹೇಳಲಿಲ್ಲ, ಕೇಳಿದವರಿಗೆ ಮಾತ್ರ ಹೇಳಿದೆ, ಆದರೆ ರಾಯಚೂರಿನಲ್ಲಿ ಕೇಳದೆ ಇರುವವರು ಯಾರು? ಸ್ವಾಗತದ ಮೇಜಿನ ಹುಡುಗಿ ಒಳಗೆ ಹೊರಗೆ ಓಡಾಡಿದಳು. ಮಧ್ಯಾಹ್ನ ಕೇಬಲ್ ಚಾನೆಲ್ಲಿನವನು ಮೈಕು ಹಿಡಿದುಕೊಂಡು ಸರ್ ಸಂದರ್ಶನಕ್ಕೆ ಬಂದ. ಬಂದು ನನ್ನ ಪಕ್ಕದಲ್ಲೇ ಕುಳಿತು, ನೀವು ಯಾಕೆ ಬಂದಿದ್ದೀರಿ ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಕರೆ ಬಂತು.

ಸರ್ ನನ್ನ ಎದುರಿಗೇ ವಿಡಿಯೋ ಅಳಿಸಿದರು. ನಿನಗೆ ಭವಿಷ್ಯವಿಲ್ಲ ಎಂದರು. ಹೌದು ಸರ್ ಎಂದೆ. ಮೊಬೈಲಿನಲ್ಲಿ ಇನ್ನೊಮ್ಮೆ ಹುಡುಕಿ ನೋಡಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಂದೆ. ಜನರ ಮೊಬೈಲುಗಳಲ್ಲಿ ಇರುವುದನ್ನು ಯಾರೂ ತೆಗೆಸಲಾರರು. ಕಲ್ಲೂರಿಗೆ ಫೋನು ಮಾಡಿ ಎರಡನ್ನೂ ಹೇಳಿದೆ. ಹೂಂ ಎಂದು ಇಟ್ಟರು.

೧೪ ಸೆಪ್ಟೆಂಬರ್, ಭಾನುವಾರ, ದೇವದುರ್ಗ

ಅಪ್ಪ ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಓಣಿಯವರಿಗೆಲ್ಲ ಬೋರ್ಡಿನ ವಿಷಯ ಹೇಳಿಬಿಟ್ಟಿದ್ದಾನೆ. ಅವ್ವ ಕಂಡಕ್ಟರನದು ಮುಂದೇನಾಯಿತು ಎಂದು ಕೇಳಿದಳು. ಅದನ್ನು ಹೇಳಬಾರದವ್ವ, ಮೊದಲೂ ಹೇಳಬಾರದಿತ್ತು ಎಂದೆ. ಅವಳು ಒಲೆಗೆ ಕಟ್ಟಿಗೆ ಹಾಕಿ, "ಹಂಗಾರ ನಾನೂ ಯಾರ ಮುಂದೂ ಅನ್ನೂದಿಲ್ಲ ಬಿಡು," ಎಂದಳು. ಆಗಲೇ ಯಾರ ಯಾರ ಮುಂದೆ ಅಂದಿದ್ದಾಳೋ, ನಾನು ಕೇಳಲಿಲ್ಲ.

೨೩ ಸೆಪ್ಟೆಂಬರ್, ಮಂಗಳವಾರ, ಮಾನ್ವಿ

ಅಮೀರ್ ಬೀ ಮೇಡಂ ಮನೆಯ ಮುಂದಿನ ಕೋಣೆ ಗುಡಿಸಿ ಎರಡು ಕುರ್ಚಿ ಹಾಕಿದ್ದೇವೆ. ಎರಡೂ ಒಂದೇ ಎತ್ತರ, ಬೇರೆ ಸಿಗಲಿಲ್ಲ. ಜನ ಕಡಿಮೆ. ಬಂದವರಿಗೆ ಮೊದಲೇ ಹೇಳುತ್ತೇನೆ: ನಾನಿನ್ನೂ ಕಲಿಯುತ್ತಿದ್ದೇನೆ, ಒಳಗೆ ನನಗೆ ಕಲಿಸುವವರಿದ್ದಾರೆ, ಅವರ ಮುಂದೆ ಹೇಳಬಹುದೇ? ಒಬ್ಬರು ಎದ್ದುಹೋದರು. ಇಬ್ಬರು ಕುಳಿತರು.

ಗುರುವಾರಕ್ಕೊಮ್ಮೆ ಮೇಲ್ವಿಚಾರಣೆ. ಮೇಡಂ ಕೇಳುವುದು ಅದೊಂದೇ, ಅವರು ಏನಂದರು? ಒಂದು ತಾಸು ಎನ್ನುವುದು ಇಷ್ಟು ಉದ್ದ ಇರುತ್ತದೆಂದು ನನಗೆ ಹೋದ ಗುರುವಾರ ಗೊತ್ತಾಯಿತು. ಮೇಡಂ ಸಹಿ ಹಾಕಿದ್ದು ಅರ್ಧ ತಾಸಿಗೆ. ಉಳಿದರ್ಧ ನಾನು ನನ್ನ ಬಗ್ಗೆ ಮಾತಾಡಿದೆನಂತೆ.

೧೦ ಅಕ್ಟೋಬರ್, ಶುಕ್ರವಾರ

ವಿಶ್ವ ಮಾನಸಿಕ ಆರೋಗ್ಯ ದಿನ. ರಾಯಚೂರಿನಲ್ಲಿ ಹೊಸ ಸಮಾಲೋಚಕರಿಗೆ ಕಾರ್ಯಾಗಾರ ಇದೆಯೆಂದು ವಾಟ್ಸ್ಆ್ಯಪ್‌ನಲ್ಲಿ ಆಮಂತ್ರಣ ಬಂದಿತ್ತು. ವಿಷಯ: ಸಮಾಲೋಚನೆಯಲ್ಲಿ ಗೌಪ್ಯತೆಯ ಮಹತ್ವ. ಉಪನ್ಯಾಸ: ಡಾ. ಶಂಭುಲಿಂಗಪ್ಪ. ಮಧ್ಯಾಹ್ನ ಊಟವಿದೆ. ಬಂದವರಿಗೆಲ್ಲ ಮೂರು ತಾಸಿನ ಪ್ರಮಾಣಪತ್ರ.

ಮೇಡಂಗೆ ತೋರಿಸಿದೆ. ಊಟ ಏನಂತೆ ಎಂದರು.

೨೧ ಅಕ್ಟೋಬರ್, ಮಂಗಳವಾರ

ಯಾರೂ ಬರಲಿಲ್ಲ. ಆಡು ಕೋಣೆಗೆ ನುಗ್ಗಿ ಪರದೆ ತಿಂದಿತು.

೪ ನವೆಂಬರ್, ಮಂಗಳವಾರ

ಮಧ್ಯಾಹ್ನ ಬಾಗಿಲ ಮುಂದೆ ಯಾರೋ ಚಪ್ಪಲಿ ಬಿಡುವ ಸದ್ದಾಯಿತು. ಬಂದವರು, ಆ ವಿಡಿಯೋ ತೆಗೆಸು ಎಂದಿದ್ದವರು. ಡ್ಯೂಟಿ ಬಟ್ಟೆಯಲ್ಲಿದ್ದರು. ನಾನು ಮಾನ್ವಿಗೆ ಬಂದದ್ದು ಅವರಿಗೆ ಹೇಗೆ ತಿಳಿಯಿತೆಂದು ಕೇಳಲಿಲ್ಲ. ಬರ್ರಿ ಎಂದೆ.

ಕುಳಿತರು, ಕುರ್ಚಿಗೆ ಬೆನ್ನು ಹಚ್ಚಲಿಲ್ಲ.

"ಇಲ್ಲಿ ಅಂದದ್ದು ಯಾರ ಮುಂದ ಹೋಗ್ತದ?"

"ನನಗ ಕಲಿಸೋ ಮೇಡಂ ಮುಂದ ಹೋಗ್ತದ್ರೀ. ಅವರು ಒಳಗ ಅದಾರ. ಹೆಸರು, ಊರು, ಕೆಲಸ ಹೋಗೂದಿಲ್ಲ. ಬ್ಯಾಡ ಅಂದ್ರ ಏನೂ ಹೋಗೂದಿಲ್ಲ."

ಅವರು ಎದ್ದು ಒಳಬಾಗಿಲ ಹತ್ತಿರ ಹೋಗಿ ನೋಡಿದರು. ಮೇಡಂ ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಿ ನಮಸ್ಕಾರ ಮಾಡಿದರು. ತಿರುಗಿ ಬಂದು ಕುಳಿತು, ಅವರ ಮುಂದೆ ಹೇಳು, ನಡೆಯುತ್ತದೆ ಎಂದರು. ರಸ್ತೆಯಲ್ಲಿ ಭತ್ತದ ಲಾರಿಗಳು ಹೋಗುತ್ತಿದ್ದವು.

ಆಮೇಲೆ ಅವರು ಆ ದಿನದ ಬೆಳಿಗ್ಗೆಯಿಂದ ಶುರು ಮಾಡಿದರು.

ಅವರು ಹೇಳಿದ್ದೆಲ್ಲ ಒಂದೊಂದು ಮಾತೂ ನೆನಪಿದೆ. ಇಲ್ಲಿ ಬರೆಯುವುದು ಇಷ್ಟೇ: ಬಂದಿದ್ದರು, ಮಾತಾಡಿದರು, ಮುಂದಿನ ಮಂಗಳವಾರವೂ ಬರುತ್ತೇನೆ ಎಂದರು.